ಕೆರೆಕಟ್ಟೆಗೆ ಒಯ್ದು ಬಿಟ್ಟ ಮಂಗಗಳು

—ಮೊಗೆಕಾಯಿಯೇ ಇರಬೇಕು. ಅಥವಾ ಬೂದುಗುಂಬಳವೋ... ಆ ಬೆಳಿಗ್ಗೆ ನೀವು ಚೀಲದಲ್ಲಿ ಹಾಕಿ ಕೊಟ್ಟದ್ದು ಯಾವ ಕಾಯಿ ಎನ್ನುವುದು ನನಗೀಗ ಖಚಿತವಿಲ್ಲ, ಜಲಜಕ್ಕ. ಚೀಲ ಹಳದಿಯಾಗಿತ್ತು ಅನ್ನಿಸುತ್ತದೆ. ಆದರೆ ಆ ಹಳದಿ ಚೀಲ ಬೇರೆ ಯಾವುದೋ ದಿನದಿಂದ ಬಂದು ಈ ದಿನದೊಳಗೆ ಸೇರಿಕೊಂಡಿರಲೂಬಹುದು. ನನ್ನ ನೆನಪಿನ ಸ್ವಭಾವವೇ ಹಾಗೆ, ಒಂದು ಮನೆಯ ಪಾತ್ರೆಯನ್ನು ಇನ್ನೊಂದು ಮನೆಯ ಅಡುಗೆಕೋಣೆಯಲ್ಲಿ ಇಟ್ಟು ಬರುತ್ತದೆ. ಖಚಿತವಾದದ್ದು ಒಂದೇ. ಅದನ್ನು ಮೊದಲು ಹೇಳಿಬಿಡುತ್ತೇನೆ. ನಿಮ್ಮ ಊರಿನ ಮೇಲಿನ ಕಾಡಿನಲ್ಲಿ ಆ ಮಂಗಗಳನ್ನು ಬಿಟ್ಟವನು ನಾನು.

ನಿಮ್ಮ ಯಜಮಾನ ಶೀನಣ್ಣ ಅಲ್ಲ. ಶೀನಣ್ಣ ಜಾಗ ತೋರಿಸಿದ್ದೂ ಇಲ್ಲ, ಯಾರಿಂದಲೂ ಏನೂ ಪಡೆದದ್ದೂ ಇಲ್ಲ. ಅವತ್ತು ಅವನು ಮನೆಯಲ್ಲೇ ಇರಲಿಲ್ಲ, ಕಾಡಿನಲ್ಲಿ ಬೆಂಕಿ ಕಾವಲಿಗೆ ಹೋಗಿದ್ದ. ಇದು ನಿಮಗೆ ಗೊತ್ತು. ನಿಮಗೆ ಗೊತ್ತಿರುವುದನ್ನೂ ಬರೆಯುತ್ತಿದ್ದೇನೆ, ಏಕೆಂದರೆ ನನ್ನ ನೆನಪಿನ ಮೇಲೆ ನನಗೆ ಭರವಸೆಯಿಲ್ಲ. ತಪ್ಪಿದ್ದಲ್ಲಿ ನೀವು ತಿದ್ದಬೇಕು. ನಾನೊಬ್ಬನೇ ಹೇಳಿದರೆ ಇದು ಅಂಚು ಮಡಿಸಿದ ಬಟ್ಟೆಯ ಹಾಗೆ ನೀಟಾಗಿಬಿಡುತ್ತದೆ — ನಡೆದದ್ದು ಹಾಗೆ ನೀಟಾಗಿ ನಡೆಯಲಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಿಮ್ಮೂರು ಕೆರೆಕಟ್ಟೆಯ ಶಾಲೆಗೆ ಬಂದೆ. ನಿಮ್ಮ ಜಗಲಿಯ ಪಕ್ಕದ ಕೋಣೆಯಲ್ಲಿ ಇದ್ದೆ. ಬಸ್ಸು ಕೈಕೊಟ್ಟ ದಿನಗಳಲ್ಲಿ ನನ್ನನ್ನು ಶೃಂಗೇರಿಯವರೆಗೆ ಸೈಕಲ್ಲಿನಲ್ಲಿ ಬಿಟ್ಟು ಬಂದವನು ಶೀನಣ್ಣ. ಕಾಡಿನ ದಾರಿಗಳನ್ನು ತೋರಿಸಿದವನೂ ಅವನೇ. ಯಾವ ತಿರುವಿನಲ್ಲಿ ಗಾಡಿ ಹೊರಳುತ್ತದೆ, ಯಾವ ಕಡೆ ಮನೆಗಳಿಲ್ಲ, ಎಲ್ಲ. ಪೇಟೆಯ ಮೇಷ್ಟ್ರಿಗೆ ಕಾಡು ತೋರಿಸುವ ಖುಷಿ ಅವನಿಗೆ. ಆಮೇಲೆ ನನಗೆ ಕೊಪ್ಪದ ಕಡೆಗೆ ವರ್ಗವಾಯಿತು. ಹಿರೇಕೊಡಿಗೆಯ ಹತ್ತಿರ ನಮ್ಮದೇ ಮನೆ, ನಮ್ಮದೇ ನೆರೆಹೊರೆ. ಆದರೆ ಅವನು ತೋರಿಸಿದ ದಾರಿಗಳು ನನ್ನ ತಲೆಯಲ್ಲಿ ಉಳಿದಿದ್ದವು. ಅವನ್ನು ನಾನು ಯಾವುದಕ್ಕೆ ಬಳಸಿದೆ ಎಂದು...

ನಮ್ಮಲ್ಲಿ ಆ ವರ್ಷ ಮಂಗಗಳು ವಿಪರೀತ. ಬಾಳೆ ಉಳಿಯಲಿಲ್ಲ, ಎಳೆ ಅಡಿಕೆಯನ್ನೂ ಕಿತ್ತು ಚೀಪಿ ಬಿಸಾಡಿದವು. ಹೆಂಚು ಸರಿಸಿ ಅಡುಗೆಮನೆಗೆ ಇಳಿದವು. ಮಂಗ ಹಿಡಿಯುವವರನ್ನು ಕರೆಸುವುದು ಎಂದು ಮನೆಮನೆಯವರು ಸೇರಿ ಮಾತಾಡಿಕೊಂಡೆವು. ಬೋನು ಅವರದ್ದು, ಒಳಗಿಡುವ ಬಾಳೆಹಣ್ಣು ನಮ್ಮದು. ಹಿಡಿಯುವ ವಿಷಯಕ್ಕೆ ತಕರಾರಿರಲಿಲ್ಲ. ಬಿಡುವುದೆಲ್ಲಿ ಎನ್ನುವ ಮಾತು ಬಂತು. ನಾನು ಹೇಳಿದೆ — ಕೆರೆಕಟ್ಟೆಯ ಮೇಲೆ. ಅಲ್ಲಿ ಕಾಡು ದೊಡ್ಡದು.

ಪಕ್ಕದ ಮನೆಯ ನಾಗರಾಜ, ಪಿಕಪ್ ಅವನದ್ದೇ, ತಲೆ ಕೆರೆದುಕೊಂಡ. "ಅಲ್ಲ ಮೇಷ್ಟ್ರೆ, ಅಲ್ಲಿ ಜನ ಇಲ್ವಾ?"

"ಇದ್ದಾರೆ," ಅಂದೆ. "ಕಡಿಮೆ."

ಜಲಜಕ್ಕ, ಈ 'ಕಡಿಮೆ' ಎನ್ನುವ ಮಾತಿನೊಳಗೆ ನೀವಿದ್ದಿರಿ. ಆಡುವಾಗ ನಿಮ್ಮ ಮುಖ ಕಣ್ಣೆದುರು ಬಂತೋ ಇಲ್ಲವೋ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಬಂತು ಎಂದರೆ ನಾನು ಕ್ರೂರಿ, ಬರಲಿಲ್ಲ ಎಂದರೆ ಬರೀ ಮಬ್ಬು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವಷ್ಟು ಸ್ಪಷ್ಟವಾಗಿ ಆ ಕ್ಷಣ ನನ್ನಲ್ಲಿ ಉಳಿದಿಲ್ಲ. ನನ್ನ ಲೆಕ್ಕ ಕಳೆಯುವ ಲೆಕ್ಕವಾಗಿತ್ತು, ಅಷ್ಟು ಮಾತ್ರ ಗೊತ್ತು. ಊರಿನಿಂದ ಮಂಗವನ್ನು ಕಳೆದರೆ ಉಳಿಯುವುದು ಊರು. ಕಳೆದದ್ದು ಎಲ್ಲಿಗೆ ಹೋಗುತ್ತದೆ ಎನ್ನುವ ಪ್ರಶ್ನೆ ಕಳೆಯುವ ಲೆಕ್ಕದಲ್ಲಿ ಬರುವುದಿಲ್ಲ. ನಾನು ಮಕ್ಕಳಿಗೆ ಹೇಳಿಕೊಡುತ್ತಿದ್ದದ್ದೂ ಅಂಥ ಲೆಕ್ಕವನ್ನೇ.

ಬೆಳಕು ಹರಿಯುವ ಹೊತ್ತಿಗೆ ನಿಮ್ಮೂರು ದಾಟಿ ಮೇಲೆ ಹೋಗಿದ್ದೆವು. ಮಂಜು ದಟ್ಟವಾಗಿತ್ತು. ಬೋನಿನ ಬಾಗಿಲು ಎತ್ತಿದಾಗ ಎಲ್ಲವೂ ಒಮ್ಮೆಗೇ ಹಾರಿ ಓಡುತ್ತವೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಕೆಲವು ಇಳಿದು ರಸ್ತೆಯ ಮೇಲೆಯೇ ಕುಳಿತವು. ಒಂದು ದೊಡ್ಡ ಗಂಡು, ಅದರ ಒಂದು ಕಿವಿ ಹರಿದಿತ್ತು, ಎಡಗಿವಿ ಅಂತ ನೆನಪು, ನಮ್ಮನ್ನೇ ನೋಡುತ್ತಾ ಕುಳಿತುಬಿಟ್ಟಿತು. ನಾಗರಾಜ ಹಾರ್ನ್ ಹೊಡೆದ. ಅದು ಕದಲಲಿಲ್ಲ.

"ಮೇಷ್ಟ್ರೆ, ಅದು ವಾಪಸ್ ಹತ್ತುಕ್ಕೆ ಕಾಯ್ತಾ ಉಂಟು," ಅಂದ ಅವನು. ಇಬ್ಬರೂ ನಕ್ಕೆವು. ಆ ನಗು ಮಾತ್ರ ನನ್ನ ಕಿವಿಯಲ್ಲಿ ಚೆನ್ನಾಗಿ ಉಳಿದಿದೆ.

ಕೆಳಗೆ ಬರುವಾಗ ನಿಮ್ಮ ಮನೆಯ ಬೇಲಿಬಾಗಿಲು, ಆ ದಣಪೆಯ ಹತ್ತಿರ ಗಾಡಿ ನಿಲ್ಲಿಸಿದ್ದು ನಾನೇ ಹೇಳಿ. ಏಕೆ ಹೇಳಿದೆ? ಕಾಫಿಯ ಆಸೆ ಎನ್ನಬಹುದು, ಅಷ್ಟು ದೂರ ಬಂದು ನೋಡದೆ ಹೋದರೆ ಬೇಸರ ಮಾಡಿಕೊಳ್ಳುತ್ತೀರಿ ಎನ್ನಬಹುದು. ಒಳಗೆಲ್ಲೋ, ನಿಮ್ಮ ಮನೆಯಲ್ಲಿ ಕೂತು ಕಾಫಿ ಕುಡಿದರೆ ನಾನು ಮಾಡಿದ್ದು ತಪ್ಪಲ್ಲ ಎಂದಾಗುತ್ತದೆ ಅಂತ... ಗೊತ್ತಿಲ್ಲ. ನೀವು ಹಿತ್ತಲಿನಿಂದ ಕೈ ಒರೆಸಿಕೊಳ್ಳುತ್ತಾ ಬಂದಿರಿ. ನಿಮ್ಮ ಕಾಯಿಪಲ್ಲೆಯ ಪಾತಿಗಳು ಆಗ ನೋಡುವ ಹಾಗಿದ್ದವು — ಬದನೆ, ಹರಿವೆ, ಅಲಸಂದೆ. ಇನ್ನು ಕೂಲಿಗೆ ಹೋಗುವುದಿಲ್ಲ, ಶೃಂಗೇರಿಯ ಅಂಗಡಿಗಳಿಗೆ ವಾರ ವಾರ ಒಯ್ದು ಹಾಕಿದರೆ ನಮಗೆ ಸಾಕು ಎಂದು ಹೇಳಿದಿರಿ. ಹೇಳುವಾಗ ಸ್ವಲ್ಪ ನಾಚಿಕೊಂಡಿರಿ.

"ನಿಮ್ಮ ಡ್ರೈವರಿಗೆ ಎಂತ, ಉಪವಾಸವಾ?" ಎಂದು ಇನ್ನೊಂದು ಲೋಟ ಹಿಡಿದು ಗಾಡಿಯ ಕಡೆಗೆ ಹೊರಟಿರಿ. ಹಿಂದೆ ಟಾರ್ಪಾಲಿನ ಕೆಳಗೆ ಬೋನುಗಳಿದ್ದವು. ನಾನು ಎದ್ದು ಬಂದು ನಿಮ್ಮ ಕೈಯಿಂದ ಲೋಟ ತೆಗೆದುಕೊಂಡೆ. ಕಿತ್ತುಕೊಂಡೆ ಎಂದರೂ ಸರಿ. ಕಾಫಿ ನನ್ನ ಕೈಮೇಲೆ ಚೆಲ್ಲಿತು.

"ಗಾಡಿಲಿ ಎಂತ ಮೇಷ್ಟ್ರೆ, ಎಂತದೋ ವಾಸನೆ?"

"ಬಾಳೆಗೊನೆ ಒಯ್ದಿದ್ದೆ ಘಟ್ಟದ ಕೆಳಗೆ. ಈಗ ಖಾಲಿ."

ಗೊಬ್ಬರ ಅಂದೆ ಎಂದೇ ನಾನು ಬಹಳ ಕಾಲ ನಂಬಿದ್ದೆ. ಬಾಳೆಗೊನೆ ಎನ್ನುವುದು ಆಮೇಲೆ ಶೀನಣ್ಣನ ಬಾಯಿಂದ ನನಗೇ ಗೊತ್ತಾದದ್ದು. ನನ್ನ ಸುಳ್ಳನ್ನು ನನಗಿಂತ ನಿಷ್ಠೆಯಿಂದ ನೀವು ಕಾಪಾಡಿಕೊಂಡಿದ್ದಿರಿ. ನೀವು ಏನೂ ಅನುಮಾನಪಡಲಿಲ್ಲ. ಆ ಚೀಲ ತಂದು, ನಮ್ಮ ಮನೆಯ ಮಗುವಿಗೆಂದು, "ಕೂಸಿಗೆ ಕೊಡಿ" ಎಂದಿರಿ. ಅದನ್ನು ಹಿಂದೆ ಇಡಬೇಡಿ, ಹಾಳಾಗುತ್ತದೆ ಎಂದು ನಾನೇ ತೊಡೆಯ ಮೇಲಿಟ್ಟುಕೊಂಡು ಕೂತೆ. ಕೊಪ್ಪದವರೆಗೂ ಅದರ ಭಾರವಿತ್ತು.

ಆಮೇಲಿನದ್ದು ನೀವು ಅನುಭವಿಸಿದ್ದು, ನಾನು ಕೇಳಿದ್ದು.

ಮನೆಗಳ ನಡುವೆ ಬೆಳೆದ ಮಂಗಗಳು ಕಾಡಿಗೆ ಬಿಟ್ಟರೆ ಕಾಡಿನಲ್ಲಿ ಇರುವುದಿಲ್ಲ ಎಂಬುದು ನನಗೆ ತಿಳಿದಿರಬೇಕಿತ್ತು. ಅವು ಹೊಗೆ ಎಲ್ಲಿ ಏಳುತ್ತದೆಂದು ನೋಡುತ್ತವೆ. ನಿಮ್ಮೂರಿನ ಹಳೆಯ ಮಂಗಗಳಿಗೆ ಮನುಷ್ಯರ ಹೆದರಿಕೆಯಿತ್ತು. ನಾವು ಕೊಟ್ಟು ಕಳಿಸಿದವಕ್ಕೆ ಬಾಗಿಲಿನ ಚಿಲಕ ತೆಗೆಯುವುದೂ ಗೊತ್ತಿತ್ತು. ನಿಮ್ಮ ಪಾತಿಗಳು ಹೋದವು. ಆ ವರ್ಷ, ಮರುವರ್ಷ. ನೀವು ಮತ್ತೆ ಕೂಲಿಗೆ ಹೊರಟಿರಿ.

ಊರಿನವರು ಕಾರಣ ಹುಡುಕಿದರು. ಯಾರಾದರೂ ಹುಡುಕುತ್ತಾರೆ. ಹುಡುಕುವಾಗ ನಾವೆಲ್ಲ 'ಏನು ನಡೆಯುತ್ತಿದೆ' ಎಂದು ಕೇಳುವುದಿಲ್ಲ, 'ಯಾರು ಮಾಡಿದ್ದು' ಎಂದು ಕೇಳುತ್ತೇವೆ. ಒಬ್ಬ ಮನುಷ್ಯ ಸಿಕ್ಕರೆ ಸಮಾಧಾನವಾಗುತ್ತದೆ. ಆ ಬೆಳಿಗ್ಗೆ ನಿಮ್ಮ ದಣಪೆಯ ಹತ್ತಿರ ಪಿಕಪ್ ನಿಂತದ್ದನ್ನು ಯಾರೋ ಕಂಡಿದ್ದರು. ಮನೆಯ ಗಂಡಸು ಕಾಡಿನ ಕೆಲಸಕ್ಕೆ ಹೋಗುವವನು, ದಾರಿಗಳೆಲ್ಲ ಗೊತ್ತಿರುವವನು. ಅವನೇ ದುಡ್ಡು ತೆಗೆದುಕೊಂಡು ಜಾಗ ತೋರಿಸಿದ ಎನ್ನಲು ಅಷ್ಟು ಸಾಕಾಯಿತು.

ಶೀನಣ್ಣ ನನಗೆ ಶೃಂಗೇರಿಯ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ. ತೆಳ್ಳಗಾಗಿದ್ದ. ಟೀ ಕುಡಿಯುತ್ತಾ, ಯಾವುದೋ ಸಣ್ಣ ವಿಷಯ ಹೇಳುವ ಹಾಗೆ, "ನಮ್ಮನ್ನ ಮುಯ್ಯಿಗೆ ಕರೀತಿಲ್ಲ ಮೇಷ್ಟ್ರೆ" ಅಂದ.

ನಟ್ಟಿಯ ಹೊತ್ತಿನಲ್ಲಿ ಈ ಮಾತಿನ ಭಾರ ಎಷ್ಟೆಂದು ನನಗೆ ಗೊತ್ತಿತ್ತು. ಮುಯ್ಯಿ ಎಂದರೆ ಇವತ್ತು ನಿಮ್ಮ ಗದ್ದೆಗೆ ಅವರು ಇಳಿಯುತ್ತಾರೆ, ನಾಳೆ ಅವರ ಗದ್ದೆಗೆ ನೀವು. ಹಾಗೆಯೇ ಊರಿನ ಗದ್ದೆಗಳೆಲ್ಲ ಮುಗಿಯುತ್ತವೆ. ಅದರಿಂದ ಒಂದು ಮನೆಯನ್ನು ಬಿಟ್ಟರೆ ಬಿಟ್ಟದ್ದು ಬರೀ ಕೆಲಸದಿಂದಲ್ಲ. ನೀವಿಬ್ಬರೇ ಬಗ್ಗಿ ನೆಟ್ಟಿರಂತೆ. ಸಸಿ ಬಲಿತು ಹೋಯಿತಂತೆ. ಪಕ್ಕದ ಗದ್ದೆಯಲ್ಲಿ ಊರೇ ನಿಂತು ಪದ ಹೇಳುತ್ತಾ ನೆಡುತ್ತಿತ್ತಂತೆ.

"ಜಲಜ ಎಲ್ಲರ ಹತ್ರ ಹೇಳಿದ್ಲು," ಶೀನಣ್ಣ ಮುಂದುವರಿಸಿದ. "ಆ ಗಾಡಿಲಿ ಬಂದದ್ದು ನಮ್ಮ ಮೇಷ್ಟ್ರು, ಬಾಳೆಗೊನೆ ಒಯ್ದು ವಾಪಸ್ ಹೋಗ್ತಿದ್ರು. ಅವರು ಅಂಥವರಲ್ಲ ಅಂತ. ಅವರ ಹೆಸರು ತೆಗೆದ್ರೆ ನಾನು ಸುಮ್ನಿರಲ್ಲ ಅಂತ ಜಗಳಕ್ಕೇ ನಿಂತ್ಲು ಮಾರಾಯ್ರೆ."

ನನ್ನ ಕೈಯಲ್ಲಿ ಲೋಟವಿತ್ತು. ಆಗ ಹೇಳಬಹುದಿತ್ತು. ಎದುರಿಗೆ ಬಸ್ಸು ನಿಂತಿತ್ತು, ಅದು ಹೊರಡುವವರೆಗೆ ಸಮಯವಿತ್ತು. ನಾನು ಹೇಳಿದ್ದು ಇದು: "ಸರಿಯಾಗ್ತದೆ ಬಿಡು ಶೀನಣ್ಣ, ಜನ ಮರೀತಾರೆ."

ಮಂಗ ಬಿಟ್ಟದ್ದು ಮೊದಲ ತಪ್ಪು. ಅದರಲ್ಲಿ ಮಬ್ಬುತನದ ಪಾಲಿತ್ತು. ಬಸ್ ಸ್ಟ್ಯಾಂಡಿನ ತಪ್ಪಿನಲ್ಲಿ ಮಬ್ಬು ಇರಲಿಲ್ಲ, ಎಲ್ಲ ನಿಚ್ಚಳವಾಗಿತ್ತು. ನನ್ನನ್ನು ನಿಮ್ಮ ಮಾತು ಕಾಯುತ್ತಿತ್ತು, ನಿಮ್ಮನ್ನು ಯಾರೂ ಕಾಯುತ್ತಿರಲಿಲ್ಲ.

ನಮ್ಮ ಕಡೆ ಏನಾಯಿತು ಎಂದೂ ಹೇಳಬೇಕು. ಒಂದು ಬೆಳೆಗಾಲ ಸದ್ದಿರಲಿಲ್ಲ. ಮುಂದಿನದಕ್ಕೆ ಗುಡ್ಡದಾಚೆಯ ಇನ್ನೊಂದು ಗುಂಪು ಬಂದು ಕೂತಿತು. ಹಳ್ಳದಲ್ಲಿ ಮರಳು ತೋಡಿದ ಜಾಗಕ್ಕೆ ಸುತ್ತಲಿನ ನೀರು ಬರುವುದಿಲ್ಲವೇ, ಹಾಗೆ. ನಾವು ಮಂಗಗಳನ್ನು ಕಳೆದಿರಲಿಲ್ಲ, ಜಾಗ ಖಾಲಿ ಮಾಡಿಕೊಟ್ಟಿದ್ದೆವು. ಅದಾಗಿ ಕೆಲವು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ನಾಗರಾಜ ಬೇಲಿಯಾಚೆಯಿಂದ ಕೂಗಿದ. ನಮ್ಮ ಕೊಟ್ಟಿಗೆಯ ಹೆಂಚಿನ ಮೇಲೆ ಒಂದು ದೊಡ್ಡ ಗಂಡು ಕೂತಿತ್ತು. ಕಿವಿ ಹರಿದಿತ್ತು.

"ಮೇಷ್ಟ್ರೆ, ಇದು ನಮ್ದೇ. ಕೆರೆಕಟ್ಟೆಗೆ ಬಿಟ್ಟದ್ದು."

"ಹುಚ್ಚಾ ನಿಂಗೆ? ಅಲ್ಲಿಂದ ಇಲ್ಲಿಗೆ ನಡೆದು ಬರ್ತದಾ?"

"ನಡೆದು ಯಾಕೆ ಬರ್ಬೇಕು? ಹೋಗುವಾಗ ಗಾಡಿಲಿ ಹೋಗಿತ್ತು, ಬರುವಾಗಲೂ ಗಾಡಿಲೇ ಬಂದಿರ್ತದೆ."

ಅವನು ತಮಾಷೆಗೆ ಹೇಳಿದ್ದ. ನನಗೆ ಆ ಮಾತು ಕೂತುಬಿಟ್ಟಿತು. ಹರಿದದ್ದು ಬಲಗಿವಿಯೋ ಎಡಗಿವಿಯೋ ಎಂದು ನೋಡಲು ಕೊಟ್ಟಿಗೆಯ ಸುತ್ತ ಬಂದೆ. ಕಂಡದ್ದು ಬಲಗಿವಿ. ನನ್ನ ನೆನಪಿನಲ್ಲಿದ್ದದ್ದು ಎಡಗಿವಿ. ಆದರೆ ರಸ್ತೆಯ ಮೇಲೆ ಅದು ನನ್ನೆದುರಿಗೆ ಕೂತಿತ್ತು, ಎದುರಿಗೆ ಕೂತದ್ದರ ಎಡ ಬಲ ನಮಗೆ ಅದಲುಬದಲಾಗುತ್ತದೆ. ಇದನ್ನು ಬಿಡಿಸಲು ನನಗೆ ಸಾಧ್ಯವಾಗಿಲ್ಲ. ಮುಂದೆ ನಾನು ತಿಳಿದುಕೊಂಡದ್ದಕ್ಕೆ ಅದು ಅದೇ ಮಂಗವಾಗಿರಬೇಕಾದ ಅಗತ್ಯವೂ ಇಲ್ಲ. ನಾನು ಬಾಳೆಹೊನ್ನೂರಿಗೆ ಹೋಗಿ ಬಾಡಿಗೆ ಪಿಕಪ್ಪುಗಳು ನಿಲ್ಲುವಲ್ಲಿ ಸುಮ್ಮನೆ ಮಾತು ತೆಗೆದೆ. ಒಬ್ಬ ಡ್ರೈವರ್ ಮುಚ್ಚುಮರೆಯಿಲ್ಲದೆ ಹೇಳಿದ. ಕೆರೆಕಟ್ಟೆ ಕಡೆಯವರು ಹಿಡಿಸಿದ್ದನ್ನು ಅವನೇ ಎನ್.ಆರ್. ಪುರದ ಆಚೆ ಬಿಟ್ಟಿದ್ದ. ಎನ್.ಆರ್. ಪುರದ ಕಡೆಯವರು ಹಿಡಿಸಿದ್ದನ್ನು ಕೊಪ್ಪದ ಕಡೆಗೆ ಒಯ್ದಿದ್ದ.

"ಎಲ್ಲರೂ ದೂರ ಬಿಡು ಅಂತಾರೆ ಮೇಷ್ಟ್ರೆ," ಅಂದ. "ದೂರ ಅಂದ್ರೆ ಇನ್ನೊಬ್ಬರ ಊರು. ನಮಗೆಂತ, ಬಾಡಿಗೆ ನಿಲ್ಲಲ್ಲ."

ಮೂರು ತಾಲ್ಲೂಕು. ಕೊಪ್ಪದಿಂದ ಶೃಂಗೇರಿಗೆ, ಶೃಂಗೇರಿಯಿಂದ ಎನ್.ಆರ್. ಪುರಕ್ಕೆ, ಅಲ್ಲಿಂದ ಮತ್ತೆ ಕೊಪ್ಪಕ್ಕೆ. ಒಂದೊಂದು ಊರೂ ತನ್ನ ತೊಂದರೆ ಮುಗಿಯಿತೆಂದು ಕೈತೊಳೆದುಕೊಂಡಿತ್ತು. ಯಾರೂ ಮೂರ್ಖರಲ್ಲ. ಪ್ರತಿಯೊಬ್ಬರಿಗೂ ತಮ್ಮ ಎದುರಿಗಿನ ತುಂಡು ಸರಿಯಾಗಿಯೇ ಕಾಣುತ್ತಿತ್ತು. ತುಂಡುಗಳು ಕೂಡುವ ಜಾಗದಲ್ಲಿ ಯಾರೂ ನಿಂತಿರಲಿಲ್ಲ.

ಅಲ್ಲಿಂದ ನನಗೊಂದು ಹುಚ್ಚು ಹಿಡಿಯಿತು. ಸಿಕ್ಕಿದ್ದನ್ನೆಲ್ಲ ಓದಿದೆ. ವ್ಯವಸ್ಥೆಯಾಗಿ ಯೋಚಿಸುವುದು ಎನ್ನುತ್ತಾರಲ್ಲ, ಅದನ್ನು ತರಗತಿಗೆ ತಂದೆ. ಮಕ್ಕಳಿಗೆ ಮಂಗದ ಕತೆಯನ್ನು ಬಾಣಗಳಲ್ಲಿ ಬರೆಯಲು ಹೇಳುತ್ತಿದ್ದೆ. ಎಲ್ಲರೂ ಮೊದಲಿಗೆ ನೆಟ್ಟಗಿನ ಗೆರೆ ಹಾಕುತ್ತಿದ್ದರು: ಮಂಗ ಬಂತು, ಹಿಡಿದರು, ಹೋಯಿತು. 'ಹೋಯಿತು ಅಂದರೆ ಎಲ್ಲಿಗೆ?' ಎಂದಷ್ಟೇ ಕೇಳುತ್ತಿದ್ದೆ. ಗೆರೆ ಸ್ವಲ್ಪ ಬಾಗುತ್ತಿತ್ತು. 'ಅಲ್ಲಿಯವರು ಏನು ಮಾಡುತ್ತಾರೆ?' ಇನ್ನಷ್ಟು ಬಾಗುತ್ತಿತ್ತು. ಕೊನೆಗೆ ಯಾವುದೋ ಹುಡುಗಿ ಗೆರೆಯ ತುದಿಯನ್ನು ತಂದು ಅದರ ಬಾಲಕ್ಕೆ ಮುಟ್ಟಿಸಿ ತಾನೇ ನಕ್ಕುಬಿಡುತ್ತಿದ್ದಳು. ಆ ನಗುವಿಗಾಗಿ ಪಾಠ ಮಾಡಬಹುದು.

ಗೆರೆಯನ್ನು ಬಾಗಿಸುವುದು ಅಷ್ಟು ಕಷ್ಟವಲ್ಲ ಎಂದು ಮಕ್ಕಳಿಂದ ಗೊತ್ತಾಯಿತು. ಕಷ್ಟವಿರುವುದು ತಡವನ್ನು ಹಿಡಿಯುವುದರಲ್ಲಿ. ಮಾಡಿದ್ದಕ್ಕೂ ಅದು ತಿರುಗಿ ಬರುವುದಕ್ಕೂ ನಡುವೆ ಎರಡು ಮಳೆಗಾಲ ಕಳೆದರೆ, ಬಂದದ್ದು ನಮ್ಮದೇ ಎಂದು ಗುರುತು ಸಿಗುವುದಿಲ್ಲ. ಮಕ್ಕಳು ಆ ತಡಕ್ಕೆ ಬಾಣದ ನಡುವೆ ಒಂದು ಮೋಡ ಬರೆಯಲು ಶುರುಮಾಡಿದರು, ಇಲ್ಲಿ ಮಳೆಗಾಲ ಕಳೆಯಿತು ಎನ್ನುವ ಗುರುತಿಗೆ. ಅದು ನಾನು ಹೇಳಿಕೊಟ್ಟದ್ದಲ್ಲ. ಆಮೇಲೆ ಅದೇ ಮೋಡವನ್ನು ಅವರು ಬೇರೆಯದಕ್ಕೂ ಬರೆದರು. ತೋಟಕ್ಕೆ ಹೊಡೆದ ಔಷಧಿ, ಬತ್ತಿದ ಬಾವಿ, ಮನೆಯಲ್ಲಿ ಮಾತು ಬಿಟ್ಟ ಚಿಕ್ಕಪ್ಪ.

ಮತ್ತೂ ಕಷ್ಟದ್ದೊಂದಿದೆ, ಅದನ್ನು ನಾನು ಕಲಿಸಲಿಲ್ಲ, ಏಕೆಂದರೆ ನಾನೇ ಮಾಡಿರಲಿಲ್ಲ. ಚಿತ್ರದಲ್ಲಿ ನಾನೆಲ್ಲಿದ್ದೇನೆ ಎಂದು ಬರೆಯುವುದು.

ಬಾಳೆಹೊನ್ನೂರಿನಲ್ಲಿ ಮೂರೂ ಕಡೆಯ ಕೆಲವರು ಸೇರಿದ ಸಭೆಗೆ ನನ್ನನ್ನು ಕರೆದರು. ಬೈದಾಟದಿಂದಲೇ ಶುರುವಾಯಿತು. ಕೊಪ್ಪದವರು ಎನ್.ಆರ್. ಪುರದವರಿಗೆ, ಅವರು ಶೃಂಗೇರಿಯವರಿಗೆ. ನಾನು ಎದ್ದು ಸಭಾಂಗಣದ ಸಿಮೆಂಟು ನೆಲದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡ ಚಕ್ರ ಬರೆದೆ. ಎಲ್ಲರೂ ಕುರ್ಚಿ ಸರಿಸಿ ನಿಂತು ನೋಡಿದರು. ಎನ್.ಆರ್. ಪುರದಿಂದ ಬಾಣ ಶುರುಮಾಡಿ ಹಿರೇಕೊಡಿಗೆಗೆ ತಂದೆ. ನೋಡಿ, ನಮಗೆ ಹೀಗೆ ಬಂತು. ಕೆರೆಕಟ್ಟೆಯಿಂದ ಎನ್.ಆರ್. ಪುರಕ್ಕೆ, ನಿಮಗೆ ಹೀಗೆ ಬಂತು. ಹಿರೇಕೊಡಿಗೆಯಿಂದ ಕೆರೆಕಟ್ಟೆಗೆ ಹೋಗುವ ಬಾಣ ಬರೆಯುವಾಗ, "ಹೀಗೇ ಎಲ್ಲೆಲ್ಲಿಂದಲೋ ಎಲ್ಲೆಲ್ಲಿಗೋ" ಎಂದು ಕೈಯಾಡಿಸಿದೆ. ಅಲ್ಲಿ ಗೆರೆ ತೆಳುವಾಗಿತ್ತು, ಸರಿಯಾಗಿ ಮೂಡಿರಲೇ ಇಲ್ಲ. ಚಕ್ರವನ್ನು ಎಲ್ಲಿಂದ ಬೇಕಾದರೂ ಶುರುಮಾಡಬಹುದು, ಜಲಜಕ್ಕ. ಆ ಅನುಕೂಲವನ್ನು ನಾನು ಬಳಸಿಕೊಂಡೆ.

ಕೊನೆಗೆ ಹೇಳಿದೆ: "ಇದರಲ್ಲಿ ಯಾರೊಬ್ಬರ ತಪ್ಪೂ ಇಲ್ಲ. ತಪ್ಪು ವ್ಯವಸ್ಥೆಯದ್ದು."

ಯಾರಾದರೂ ಕೇಳುತ್ತಾರೆ ಎಂದು ಕಾದೆ. ಕೆರೆಕಟ್ಟೆಗೆ ಬಿಟ್ಟವರು ಯಾರು ಎಂದು. ಯಾರೂ ಕೇಳಲಿಲ್ಲ. ಚಪ್ಪಾಳೆ ತಟ್ಟಿದರು. ನಾಗರಾಜ ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದವನು ತಟ್ಟಲಿಲ್ಲ. ಮನೆಗೆ ಬರುವಾಗ ದಾರಿಯಲ್ಲಿ, "ಮೇಷ್ಟ್ರೆ, ನಿಮ್ಮ ಚಕ್ರಕ್ಕೆ ಒಂದು ಪಂಕ್ಚರ್ ಉಂಟು" ಅಂದ. ಆಮೇಲೆ ಕೊಪ್ಪ ಬರುವವರೆಗೆ ಬೇರೆ ಮಾತಾಡಿದ.

ಮೊದಲು ನಾನು ನೆಟ್ಟಗಿನ ಗೆರೆಯಲ್ಲಿ ಯೋಚಿಸಿ ತಪ್ಪು ಮಾಡಿದ್ದೆ. ಈಗ ಚಕ್ರದಲ್ಲಿ ಯೋಚಿಸಲು ಕಲಿತು, ಆ ಚಕ್ರದ ಒಳಗೇ ಅಡಗಿಕೊಂಡೆ. ಎಲ್ಲರಿಂದ ಆದದ್ದು ಎಂದರೆ ಯಾರಿಂದಲೂ ಆಗಲಿಲ್ಲ ಎಂದಾಗಿಬಿಡುತ್ತದೆ — ಆದರೆ ನಿಮ್ಮ ಗದ್ದೆಗೆ ಜನ ಇಳಿಯದೆ ಹೋದದ್ದು ಎಲ್ಲರಿಂದ ಅಲ್ಲ. ಅದು ನಾನು ಬಸ್ ಸ್ಟ್ಯಾಂಡಿನಲ್ಲಿ ಬಾಯಿ ಮುಚ್ಚಿಕೊಂಡದ್ದರಿಂದ. ವ್ಯವಸ್ಥೆ ದೊಡ್ಡದು, ನಿಜ. ಅದರೊಳಗೆ ನನ್ನ ಕೈ ಇದ್ದ ಜಾಗವೂ ಅಷ್ಟೇ ನಿಜ.

ವಿಚಿತ್ರವೆಂದರೆ ಆ ಸಭೆಯಿಂದ ಒಳ್ಳೆಯದೇ ಆಯಿತು. ಅರ್ಧ ಸುಳ್ಳಿದ್ದ ಚಿತ್ರವೂ ಕೆಲಸ ಮಾಡಿತು. ಇದರಿಂದ ನನಗೆ ಸಮಾಧಾನ ಪಡಲು ಬರುವುದಿಲ್ಲ, ಆದರೂ ಆದದ್ದನ್ನು ಇಲ್ಲ ಎನ್ನಲಾರೆ. ಹಿಡಿದು ಇನ್ನೊಬ್ಬರ ಊರಿಗೆ ಬಿಡುವುದು ಬೇಡ ಎಂದು ಮೂರೂ ಕಡೆಯವರು ಒಪ್ಪಿಕೊಂಡರು. ಗುಂಪು ಯಾವ ಕಡೆ ಇಳಿಯುತ್ತಿದೆ ಎಂದು ಫೋನಿನ ಗ್ರೂಪಿನಲ್ಲಿ ಹಾಕುತ್ತಾರೆ, ಸರದಿಯಲ್ಲಿ ಕಾಯುತ್ತಾರೆ. ದೇವಸ್ಥಾನಕ್ಕೆ ಬರುವ ಕಾರುಗಳು ರಸ್ತೆಬದಿಯಲ್ಲಿ ನಿಲ್ಲಿಸಿ ಹಣ್ಣು ಎಸೆಯುವುದನ್ನು ತಡೆಯಲು ನಮ್ಮ ಮಕ್ಕಳು ಬೋರ್ಡು ಬರೆದು ನಿಂತರು. ಕಾಡಿನ ಅಂಚಿನಲ್ಲಿ ಹಲಸು, ಹೆಬ್ಬಲಸು, ಅತ್ತಿ ನೆಟ್ಟಿದ್ದಾರೆ. ಅವು ಹಣ್ಣು ಬಿಡುವುದಕ್ಕೆ ಬಹಳ ಮಳೆಗಾಲ ಬೇಕು. ಹಾಗಿದ್ದೂ ನೆಟ್ಟರು. ಬಾಣದ ನಡುವೆ ಅಷ್ಟು ದೊಡ್ಡ ಮೋಡ ಇದೆಯೆಂದು ತಿಳಿದೂ ಜನ ಗುಂಡಿ ತೋಡಿದರು. ಅದನ್ನು ನೋಡಿದ ದಿನ, ಮನುಷ್ಯರು ಕಲಿಯುತ್ತಾರೆ ಎಂದು ನನಗೆ ನಂಬಿಕೆ ಬಂತು. ಹಾಗಾದರೆ ನಾನೂ ಕಲಿಯಬಹುದು.

ಆ ಸಭೆಯ ಮೇಲೆ ಬೇರೆ ಬೇರೆ ಊರಿನವರೂ ಚಕ್ರ ಬರೆಯಲು ನನ್ನನ್ನು ಕರೆಯತೊಡಗಿದರು. ಮೊನ್ನೆ ನಿಮ್ಮ ಫೋನು ಬಂತು.

"ಮೇಷ್ಟ್ರೆ, ಊರೂರಿಗೆ ಹೋಗಿ ಚಕ್ರ ಬರೀತಿರಂತೆ. ನಮ್ಮ ಊರು ಕಣ್ಣಿಗೆ ಕಾಣಲ್ವಾ?"

ನಾನು ಏನೋ ತೊದಲಿದೆ.

"ಬನ್ನಿ ಒಂದು ಭಾನುವಾರ. ನಮ್ಮನೆ ಅಂಗಳದಲ್ಲೇ ಆಗ್ಲಿ. ನಮ್ಮೂರಿನವರಿಗೆ ತಲೆಗೆ ಹೋಗುಕ್ಕೆ ಸ್ವಲ್ಪ ಹೊತ್ತು ಬೇಕು, ಮಂಗಗಳೇ ಬೇಗ ಕಲೀತವೆ." ನಕ್ಕಿರಿ. ಆಮೇಲೆ ದನಿ ತಗ್ಗಿಸಿ, "ಯಾರೋ ಒಬ್ಬ ಮಾಡಿದ್ದಲ್ಲ ಅಂತ ನೀವು ಹೇಳಿದ್ರೆ ಕೇಳ್ತಾರೆ. ಇವರ ಮೇಲಿಂದ ಆ ಮಾತು ಒಂದ್ಸಲ ಹೋಗ್ಲಿ" ಅಂದಿರಿ.

ಬಲೆ ಕಟ್ಟಿ ಮತ್ತೆ ಬದನೆ ಹಾಕಿದ್ದೇನೆ ಎಂದೂ ಹೇಳಿದಿರಿ. ಕಳೆದ ನಟ್ಟಿಗೆ ಎರಡು ಮನೆಯವರು ಬಂದರಂತೆ. ಬಾಕಿಯವರು ಇನ್ನೂ ಬಂದಿಲ್ಲ.

ಯಾರೋ ಒಬ್ಬ ಮಾಡಿದ್ದಲ್ಲ ಎಂದು ನಾನು ಬಂದು ಹೇಳಬೇಕು. ಅದನ್ನು ಹೇಳುವುದು ಸುಲಭ, ಅಭ್ಯಾಸವಾಗಿದೆ. ಜನ ಒಪ್ಪುತ್ತಾರೆ, ಶೀನಣ್ಣನ ಮೇಲಿನ ಮಾತು ಸ್ವಲ್ಪ ತೆಳುವಾಗಲೂಬಹುದು. ಆದರೆ ಆ ಪಿಕಪ್ ನಿಮ್ಮ ದಣಪೆಯ ಹತ್ತಿರ ಏಕೆ ನಿಂತಿತ್ತು ಎನ್ನುವುದಕ್ಕೆ ಚಕ್ರ ಉತ್ತರ ಕೊಡುವುದಿಲ್ಲ. ಅದಕ್ಕೆ ನಾನೇ ಕೊಡಬೇಕು.

ಹಾಗಾಗಿ ಇದನ್ನು ಮೊದಲು ನಿಮಗೆ ಹೇಳುತ್ತಿದ್ದೇನೆ, ಊರಿನ ಎದುರಿಗೆ ನಿಮಗೆ ಮೊದಲ ಸಲ ಗೊತ್ತಾಗುವುದು ಬೇಡವೆಂದು. ನೀವು ನನ್ನ ಪರವಾಗಿ ಜಗಳ ಮಾಡಿದವರು. ಭಾನುವಾರ ಬರುತ್ತೇನೆ. ನಾಗರಾಜನೂ ಬರುತ್ತಾನೆ, ಅದೇ ಪಿಕಪ್ಪಿನಲ್ಲಿ. ಅವನಿಗೆ ಹೇಳಿದೆ. "ಪಂಕ್ಚರ್ ಹಾಕುಕ್ಕೆ ಇಷ್ಟು ವರ್ಷ ಬೇಕಾಯ್ತಾ" ಎಂದಷ್ಟೇ ಕೇಳಿ ಒಪ್ಪಿಕೊಂಡ. ಈ ಸಲ ಮೊದಲ ಬಾಣವನ್ನು ಹಿರೇಕೊಡಿಗೆಯಿಂದ ಎಳೆಯುತ್ತೇನೆ. ಅದರ ಪಕ್ಕದಲ್ಲಿ ನನ್ನ ಹೆಸರು ಬರೆಯುತ್ತೇನೆ, ಎಲ್ಲರಿಗೂ ಓದಲು ಬರುವ ಹಾಗೆ ದೊಡ್ಡದಾಗಿ. ಗಾಡಿ ನಿಂತದ್ದು, ಲೋಟ ಕಿತ್ತುಕೊಂಡದ್ದು, ಬಾಳೆಗೊನೆ ಅಂದದ್ದು, ಬಸ್ ಸ್ಟ್ಯಾಂಡಿನಲ್ಲಿ ಅಂದದ್ದು, ಎಲ್ಲವನ್ನೂ ಹೇಳುತ್ತೇನೆ. ಅದಾದ ಮೇಲೆ ಚಕ್ರದ ಉಳಿದ ಭಾಗ. ಎಲ್ಲರೂ ಸೇರಿ ಆದದ್ದು ಎಂಬ ಮಾತನ್ನು ಆಡುವ ಹಕ್ಕು ತನ್ನ ಪಾಲು ಹೇಳಿದವನಿಗೆ ಮಾತ್ರ ಇದೆ ಎಂದು ಈಗ ನನಗೆ ಅನ್ನಿಸುತ್ತದೆ. ಅಂಗಳಕ್ಕೆ ಬರಬೇಡಿ ಎಂದು ನೀವು ಹೇಳಿದರೆ, ದಣಪೆಯ ಆಚೆ ರಸ್ತೆಯಲ್ಲಿ ನಿಂತು ಹೇಳುತ್ತೇನೆ. ಆ ಗಾಡಿ ನಿಂತಿದ್ದ ಜಾಗದಲ್ಲೇ.

ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ಇನ್ನೊಂದು ಕೆಲಸ ನಿಮ್ಮ ತಲೆಯ ಮೇಲೆ ಹಾಕಿದ ಹಾಗಾಗುತ್ತದೆ.

ಗೊತ್ತಿಲ್ಲದ್ದು ಹಲವು ಉಳಿದಿವೆ. ಚೀಲದಲ್ಲಿದ್ದದ್ದು ಯಾವ ಕಾಯಿ, ಗೊತ್ತಿಲ್ಲ. ಹರಿದ ಕಿವಿಯ ಆ ಮಂಗ ನಾವು ಬಿಟ್ಟದ್ದೇ ಹೌದೋ, ಗೊತ್ತಿಲ್ಲ. ನಾವು ಹಿಡಿದವು ನಮ್ಮ ಕಡೆಯವೇ ಆಗಿದ್ದವೋ, ಅವನ್ನೂ ನನಗಿಂತ ಮೊದಲು ಯಾರೋ ತಂದು ಬಿಟ್ಟಿದ್ದರೋ, ಅದೂ ಗೊತ್ತಿಲ್ಲ. ಗೊತ್ತಾದರೂ ನನ್ನ ಬಾಣ ಅಳಿಸಿಹೋಗುವುದಿಲ್ಲ. ಭಾನುವಾರ ನಾನು ಹೇಳಿದ್ದನ್ನು ನಿಮ್ಮ ಊರು ನಂಬುತ್ತದೆಂದು ಆಸೆಯಿದೆ. ನಂಬಿದ ಮೇಲೂ ಅದು ಮನಸ್ಸಿಗೆ ಇಳಿಯಲು ಒಂದು ಮೋಡದಷ್ಟು ತಡ ಇರಬಹುದು. ಬರುವ ನಟ್ಟಿಗೆ ಶೀನಣ್ಣನ ಗದ್ದೆಗೆ ಎಷ್ಟು ಜನ ಇಳಿಯುತ್ತಾರೆ — ನನಗೆ ಗೊತ್ತಿಲ್ಲ.